‘ಕಡ್ಡಿ ಫುಲ್ ಐತಿ, ನೆಟ್ ಬರವಲ್ದು’: ಮನೆ ವೈಫೈ ಕೈಕೊಟ್ಟಾಗ ಎಲ್ಲಿಂದ ನೋಡಬೇಕು

ನಮ್ಮ ಕಡೆ ವೈಫೈಗೆ ಏನೇ ಆದರೂ ಒಂದೇ ಮಾತು: ‘ನೆಟ್ ಹೋಗೇತಿ’. ಗುಳೇದಗುಡ್ಡದಿಂದ ಅವ್ವ ಫೋನ್ ಮಾಡಿದರೂ ಅದೇ, ಬಾಗಲಕೋಟೆ ನವನಗರದಲ್ಲಿ ಪಕ್ಕದ ಮನೆಯವರು ಬಾಗಿಲು ಬಡಿದರೂ ಅದೇ. ಆದರೆ ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ. ರಸ್ತೆಯ ಕಂಬದಿಂದ ಮನೆಯ ಡಬ್ಬಿಯವರೆಗೆ, ಅಂದರೆ ರೂಟರ್‌ವರೆಗೆ, ಬರುವ ತಂತಿಯ ದಾರಿ ಒಂದು. ಡಬ್ಬಿಯಿಂದ ನಿಮ್ಮ ಕೈಯಲ್ಲಿರುವ ಫೋನಿನವರೆಗಿನ ಗಾಳಿಯ ದಾರಿ ಇನ್ನೊಂದು. ವೈಫೈ ಅಂದರೆ ಈ ಎರಡನೆಯದು ಮಾತ್ರ. ಮೂರನೆಯದು ಫೋನ್, ಇಲ್ಲವೇ ನೀವು ತೆರೆಯುತ್ತಿರುವ ಆ್ಯಪ್.

ಯಾವುದು ಕೆಟ್ಟಿದೆ ಅಂತ ನೋಡದೆ ದುಡ್ಡು ಸುರಿಯುವುದು ಸುಲಭ. ನಾನೂ ಸುರಿದಿದ್ದೇನೆ. ಅವ್ವನ ಮನೆಗೆ ಹೊಸ ರೂಟರ್ ಕೊಂಡುಹೋಗಿ ಕೂರಿಸಿ ಬಂದೆ. ಹಳೆಯದು ಏನೂ ಆಗಿರಲಿಲ್ಲ, ಕೆಟ್ಟಿದ್ದು ಅದರ ಅಡಾಪ್ಟರ್ ಅಂತ ಆಮೇಲೆ ಗೊತ್ತಾಯಿತು.

ಹಾಗಾಗಿ ಯಾರೇ ಕೇಳಿದರೂ ನಾನು ಮೊದಲು ಕೇಳುವುದು ಮೂರು ಪ್ರಶ್ನೆ. ಎಲ್ಲ ಫೋನಿಗೂ ಹೀಗೇನಾ, ಒಂದಕ್ಕೆ ಮಾತ್ರನಾ? ಮನೆ ತುಂಬ ಹೀಗೇನಾ, ಒಂದು ಕೋಣೆಯಲ್ಲಿ ಮಾತ್ರನಾ? ಇಡೀ ದಿನ ಹೀಗೇನಾ, ಒಂದು ಹೊತ್ತಿಗೆ ಮಾತ್ರನಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಇನ್ನು ‘ಆಫ್ ಮಾಡಿ ಆನ್ ಮಾಡ್ರಿ’ ಅನ್ನುವ ಮಾತು ತಮಾಷೆಯಲ್ಲ. ಡಬ್ಬಿಯ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ, ಮೂರು ನಿಮಿಷ ಸುಮ್ನೆ ಕಾಯಿರಿ. ಆದರೆ ಡಬ್ಬಿಯ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತಿನೊಳಗೆ ಒಂದು ಗುಂಡಿ ಇರುತ್ತದಲ್ಲ, ಅದನ್ನು ಒತ್ತಬೇಡಿ. ಅದು ರಿಸ್ಟಾರ್ಟ್ ಅಲ್ಲ, ರಿಸೆಟ್. ಕಂಪನಿಯವರು ಒಳಗೆ ತುಂಬಿಸಿದ ಯೂಸರ್ ಐಡಿ, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಬಹುದು. ಆಮೇಲೆ ಅವರೇ ಬಂದು ಮತ್ತೆ ಹಾಕುವವರೆಗೆ ಡಬ್ಬಿ ಬರೀ ಡಬ್ಬಿ.

## ಕೆಂಪು ದೀಪ ಮಿನುಗುತ್ತಿದೆ

ಫೈಬರ್ ಡಬ್ಬಿಯ ಮೇಲೆ ‘ಎಲ್‌ಒಎಸ್’ ಅಂತ ಬರೆದ ಒಂದು ದೀಪ ಇರುತ್ತದೆ. ಅದು ಕೆಂಪಗೆ ಮಿನುಗುತ್ತಿದ್ದರೆ ತಂತಿಯೊಳಗಿನ ಬೆಳಕು ಡಬ್ಬಿಗೆ ಮುಟ್ಟುತ್ತಿಲ್ಲ ಅಂತ ಅರ್ಥ. ಎಲ್ಲ ಸರಿ ಇದ್ದಾಗ ಇದು ಆರಿರುತ್ತದೆ, ‘ಪಿಒಎನ್’ ಅನ್ನುವ ದೀಪ ಹಸಿರಾಗಿ ಅಲುಗಾಡದೆ ನಿಂತಿರುತ್ತದೆ. ಕೆಂಪು ಇದ್ದಾಗ ಫೋನ್ ರಿಸ್ಟಾರ್ಟ್ ಮಾಡುವುದು, ವೈಫೈ ಪಾಸ್‌ವರ್ಡ್ ಬದಲಿಸುವುದು ಎಲ್ಲ ದಂಡ. ನೀರಿನ ಮೇನ್ ಪೈಪ್ ಒಡೆದಾಗ ಮನೆಯ ನಲ್ಲಿ ಬಿಚ್ಚಿ ನೋಡಿದ ಹಾಗೆ.

ಮೊದಲು ಮನೆಯೊಳಗಿನ ತಂತಿ ನೋಡಿ. ಡಬ್ಬಿಗೆ ಬಂದು ಸೇರುವ ಸಣ್ಣ ತಂತಿ, ಸಾಮಾನ್ಯವಾಗಿ ಹಳದಿ ಇಲ್ಲವೇ ಬಿಳಿ, ತುದಿಯಲ್ಲಿ ಹಸಿರು ಪ್ಲಾಸ್ಟಿಕ್ ಮೂತಿ. ಒಳಗಿರುವುದು ಕೂದಲಿನಂಥ ಗಾಜಿನ ಎಳೆ. ಮಡಚಿದರೆ ಬೆಳಕು ಸೋರುತ್ತದೆ, ಜಾಸ್ತಿ ಮಡಚಿದರೆ ಮುರಿಯುತ್ತದೆ. ಕೈಬಳೆಗಿಂತ ಚಿಕ್ಕ ಸುತ್ತು ಹಾಕಬಾರದು ಅಂತ ನೆನಪಿಟ್ಟರೆ ಸಾಕು. ಕಪಾಟಿನ ಹಿಂದೆ ಒತ್ತಿಕೊಂಡಿದೆಯಾ, ಕಿಟಕಿಯ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದೆಯಾ, ಇಲಿ ಕಡಿದಿದೆಯಾ? ಕಸ ಗುಡಿಸುವಾಗ ಎಳೆದು ಮೂತಿ ಅರ್ಧ ಹೊರಗೆ ಬಂದಿರುವುದೂ ಉಂಟು. ಮೆಲ್ಲಗೆ ಒಳಗೆ ಒತ್ತಿ, ‘ಟಕ್’ ಅನ್ನಬೇಕು.

ಒಳಗೆ ಎಲ್ಲ ಸರಿ ಇದ್ದರೆ, ಅದೇ ಕಂಪನಿಯ ನೆಟ್ ಇರುವ ಪಕ್ಕದ ಮನೆಯವರನ್ನು ಕೇಳಿ. ಅವರದೂ ಹೋಗಿದ್ದರೆ ಕಡಿದಿರುವುದು ಹೊರಗೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ಕಾಲ ಇದೆ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವ ಸೀಸನ್ ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಆಕಾಶ ಮುಟ್ಟುವಷ್ಟು ಕಬ್ಬು ಹೇರಿಕೊಂಡು ಊರೊಳಗೆ ಹಾಯುತ್ತವೆ. ರಸ್ತೆಗೆ ಅಡ್ಡ ಕಟ್ಟಿದ ಕೇಬಲ್ ಅವಕ್ಕೆ ದಾರದ ಲೆಕ್ಕ. ಬಾದಾಮಿಯಲ್ಲಾದರೆ ಟ್ರ್ಯಾಕ್ಟರ್ ಬೇಕಾಗಿಲ್ಲ, ಮಂಗ್ಯಾಗಳೇ ಜೋಕಾಲಿ ಆಡಿ ಮುಗಿಸುತ್ತವೆ.

ಇಲ್ಲಿ ನಿಲ್ಲಬೇಕು. ರಸ್ತೆಯಲ್ಲಿ ಜೋತುಬಿದ್ದ ಕೇಬಲ್ ಮುಟ್ಟಬೇಡಿ. ಗಾಜಿನೊಳಗೆ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ತೂಕ ತಡೆಯಲಿ ಅಂತ ಎಷ್ಟೋ ಕೇಬಲ್‌ಗಳ ಜೊತೆ ಉಕ್ಕಿನ ತಂತಿಯೂ ಇರುತ್ತದೆ. ಅದು ಮೇಲೆಲ್ಲೋ ವಿದ್ಯುತ್ ತಂತಿಗೆ ತಾಗಿದ್ದರೆ ಕೆಳಗಿನಿಂದ ನಿಮಗೆ ಕಾಣುವುದಿಲ್ಲ. ಕಂಬ ಹತ್ತುವ ಮಾತಂತೂ ಬೇಡವೇ ಬೇಡ. ಕಡಿದ ಎಳೆಯನ್ನು ಟೇಪ್ ಸುತ್ತಿ ಕೂಡಿಸಲು ಬರುವುದಿಲ್ಲ, ಅದಕ್ಕೆ ಬೆಸೆಯುವ ಮೆಷಿನ್ ಬೇಕು. ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ‘ಲೈಟ್ ಬರ್ತದೇನು’ ಅಂತ ನೋಡಲೇಬೇಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣದ ಜಾತಿಯದು, ಕಾಣುವುದಿಲ್ಲ ಅಂದ ಮಾತ್ರಕ್ಕೆ ಕಣ್ಣಿಗೆ ತಾಗುವುದಿಲ್ಲ ಅಂತಲ್ಲ. ನೆಲದ ಮೇಲೆ ಎಳೆಯ ಚೂರು ಬಿದ್ದಿದ್ದರೆ ಬರಿಗಾಲಲ್ಲಿ ತುಳಿಯಬೇಡಿ, ಗಾಜಿನ ಮುಳ್ಳು ಚರ್ಮದೊಳಗೆ ಹೋದರೆ ಹುಡುಕುವುದೇ ಕಷ್ಟ.

ದೂರು ಕೊಡುವಾಗ ‘ನೆಟ್ ಇಲ್ಲ’ ಅನ್ನಬೇಡಿ. ‘ಎಲ್‌ಒಎಸ್ ಕೆಂಪು ಮಿನುಗ್ತಾ ಇದೆ, ಬೆಳಿಗ್ಗೆ ಎಂಟರಿಂದ, ಪಕ್ಕದ ಮನೆಯಲ್ಲೂ ಹೀಗೇ’ ಅನ್ನಿ. ರಿಸ್ಟಾರ್ಟ್ ಮಾಡಿ ಅನ್ನುವ ಅರ್ಧ ಗಂಟೆಯ ಪುರಾಣ ತಪ್ಪುತ್ತದೆ.

ಕೆಂಪು ದೀಪ ಇಲ್ಲ, ಆದರೆ ದಿನಕ್ಕೆ ನಾಲ್ಕು ಸಲ ನೆಟ್ ಕಡಿದು ಬರುತ್ತದೆ ಅಂದರೆ ಬೆಳಕು ಬರುತ್ತಿದೆ, ಸೊರಗಿ ಬರುತ್ತಿದೆ ಅನ್ನುವ ಅನುಮಾನ ಪಡಬಹುದು. ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ (ಅದನ್ನು ತೆರೆಯುವ ಬಗೆ ಕೊನೆಯ ಭಾಗದಲ್ಲಿದೆ) ‘ಆರ್‌ಎಕ್ಸ್ ಪವರ್’, ಅಂದರೆ ಬಂದು ಮುಟ್ಟುವ ಬೆಳಕಿನ ಬಲ, ಅಂತ ಒಂದು ಮೈನಸ್ ಸಂಖ್ಯೆ ಇರುತ್ತದೆ. -15ರಿಂದ -25ರೊಳಗೆ ಇದ್ದರೆ ಚಿಂತೆಯಿಲ್ಲ. -27ರ ಹತ್ತಿರ ಬಂದಿದ್ದರೆ ಡಬ್ಬಿ ಏದುಸಿರು ಬಿಡುತ್ತಿದೆ ಅಂತಲೇ ಲೆಕ್ಕ. ಪ್ರತಿ 3 ಅಂಕ ಕೆಳಗೆ ಇಳಿದಾಗಲೂ ಬರುವ ಬೆಳಕು ಅರ್ಧಕ್ಕೆ ಇಳಿದಿರುತ್ತದೆ. ಈ ಸಂಖ್ಯೆಯ ಫೋಟೊ ತೆಗೆದು ಕಂಪನಿಯವರಿಗೆ ಕಳಿಸಿ.

## ಕಡ್ಡಿ ಫುಲ್ ಇದೆ, ಏನೂ ತೆರೆಯುತ್ತಿಲ್ಲ

ಫೋನಿನ ಮೇಲ್ತುದಿಯ ವೈಫೈ ಕಡ್ಡಿ ತೋರಿಸುವುದು ಡಬ್ಬಿ ನಿಮಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಅನ್ನುವುದನ್ನು ಮಾತ್ರ. ಡಬ್ಬಿಯ ಆಚೆ ಏನಾಗಿದೆ ಅಂತ ಕಡ್ಡಿಗೆ ಗೊತ್ತಿಲ್ಲ. ಇಲ್ಲಿ ಮೊದಲು ನೋಡಬೇಕಾದ್ದು ತೀರಾ ಸಾದಾ ಸಂಗತಿ: ರೀಚಾರ್ಜ್ ಮುಗಿದಿದೆಯಾ? ನಗಬೇಡಿ, ನನಗೆ ಬರುವ ಕರೆಗಳಲ್ಲಿ ಇದಕ್ಕೆ ದೊಡ್ಡ ಪಾಲು.

ರೀಚಾರ್ಜ್ ಇದ್ದರೆ ಇಂಟರ್‌ನೆಟ್ ಅಥವಾ ‘ವ್ಯಾನ್’ (WAN) ಅಂತ ಬರೆದ ದೀಪ ನೋಡಿ. ಪಿಒಎನ್ ಹಸಿರು, ಇಂಟರ್‌ನೆಟ್ ದೀಪ ಕೆಂಪು ಇಲ್ಲವೇ ಆರಿದೆ ಅಂದರೆ ತಂತಿ ಸರಿ ಇದೆ, ಲಾಗಿನ್ ಆಗುತ್ತಿಲ್ಲ. ಅದು ಕಂಪನಿಯ ಕೆಲಸ. ಎರಡೂ ಹಸಿರಿದ್ದು ವಾಟ್ಸ್‌ಆ್ಯಪ್ ಮಾತ್ರ ಓಡುತ್ತದೆ, ವೆಬ್‌ಸೈಟ್ ತೆರೆಯುವುದಿಲ್ಲ ಅಂದರೆ ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿರಬಹುದು. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ ನೋಡಿ. ಓಡಿದರೆ ರೋಗ ಸಿಕ್ಕಿತು.

ಲ್ಯಾಪ್‌ಟಾಪ್‌ನಲ್ಲಿ ಐಪಿ ವಿಳಾಸ 169.254 ಅಂತ ಶುರುವಾಗಿದ್ದರೆ ಡಬ್ಬಿ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ. ಇಂಥದ್ದಕ್ಕೆ ರಿಸ್ಟಾರ್ಟ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ.

## ಪಡಸಾಲೆಯಲ್ಲಿ ಓಡುತ್ತದೆ, ಅಡುಗೆಮನೆಯಲ್ಲಿ ಸತ್ತೇಹೋಗುತ್ತದೆ

ಅವ್ವನ ಮನೆ ಹಳೆಯದು. ಗೋಡೆ ಎರಡು ಅಡಿಗೂ ದಪ್ಪ, ಕೆಂಪು ಕಲ್ಲು, ನಡುವೆ ಮಣ್ಣು. ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ತಣ್ಣಗೆ, ವೈಫೈಗೆ ಮಾತ್ರ ಸೆರೆಮನೆ. ನೆಟ್ ಕೂಡಿಸಲು ಬಂದ ಹುಡುಗ ಡಬ್ಬಿಯನ್ನು ಚೆಂದ ಕಾಣಲಿ ಅಂತ ಪಡಸಾಲೆಯ ಗೋಡೆಯ ಗೂಡಿನೊಳಗೆ ಇಟ್ಟು ಹೋಗಿದ್ದ. ಮೊದಲು ದೀಪ ಇಡುತ್ತಿದ್ದ ಗೂಡು ಅದು. ಹಿಂದೆ ಕಲ್ಲು, ಎಡಕ್ಕೆ ಕಲ್ಲು, ಬಲಕ್ಕೆ ಕಲ್ಲು, ಮೇಲೆ ಕೆಳಗೆ ಕಲ್ಲು. ಬಾಯಿ ಇದ್ದ ಕಡೆ ಮಾತ್ರ ಸಿಗ್ನಲ್.

ಫೋನಿನಲ್ಲಿ ವೈಫೈ ಅಳೆಯುವ ಒಂದು ಉಚಿತ ಆ್ಯಪ್ ಹಾಕಿಕೊಂಡು ಮನೆ ಸುತ್ತಿದೆ. ಇದರಲ್ಲೂ ಸಂಖ್ಯೆ ಮೈನಸ್‌ನಲ್ಲೇ ಇರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟು ಒಳ್ಳೆಯದು. -50 ಅಂದರೆ ಭರ್ಜರಿ. -67ರವರೆಗೆ ವಿಡಿಯೊ ಕಾಲ್ ಆರಾಮಾಗಿ ನಡೆಯುತ್ತದೆ. -75 ಆದರೆ ತಡವರಿಕೆ, -80 ದಾಟಿದರೆ ಕೂಡುವುದೂ ಕಷ್ಟ. ಪಡಸಾಲೆಯಲ್ಲಿ -48 ಇತ್ತು. ಒಂದೇ ಒಂದು ಗೋಡೆ ದಾಟಿ ದೇವರ ಮನೆಗೆ ಹೋದರೆ -71. ಅಡುಗೆಮನೆಯಲ್ಲಿ -84. ಅವ್ವನಿಗೆ ಅಡುಗೆ ಮಾಡುತ್ತಾ ಭಜನೆ ಕೇಳುವುದೇ ಮುಖ್ಯ, ಅಲ್ಲೇ ನೆಟ್ ಇಲ್ಲ.

ಡಬ್ಬಿಯನ್ನು ಗೂಡಿನಿಂದ ತೆಗೆದು ಪಡಸಾಲೆಯ ಬಾಗಿಲಿನ ತಲೆಮಟ್ಟದ ಹಲಗೆಯ ಮೇಲಿಟ್ಟೆ. ಬಾಗಿಲು ಅಡುಗೆಮನೆಯ ಕಡೆ ನೇರ ಕಾಣುತ್ತದೆ. ಅಷ್ಟಕ್ಕೇ ಅಡುಗೆಮನೆಯಲ್ಲಿ -70 ಬಂತು. ಒಂದು ರೂಪಾಯಿ ಖರ್ಚಿಲ್ಲ. ಅಲ್ಲಿ ಇನ್ನೊಂದು ಮಜಾ ಕಂಡೆ. ಮಾಳಿಗೆಯ ಬೆಳಕಿಂಡಿಯ ಕೆಳಗೆ ನಿಂತರೆ ಮೇಲಿನ ಅಟ್ಟದಲ್ಲಿಟ್ಟ ಫೋನಿನ ಹಾಟ್‌ಸ್ಪಾಟ್ ಚೆನ್ನಾಗಿ ಸಿಗುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಹೋದರೆ ಇಲ್ಲ. ಬೆಳಕು ಇಳಿಯುವ ದಾರಿಯಲ್ಲೇ ಸಿಗ್ನಲ್ಲೂ ಇಳಿಯುತ್ತದೆ. ಬಾಗಿಲು, ಕಿಟಕಿ, ಬೆಳಕಿಂಡಿ ಎಲ್ಲಿವೆ ಅಂತ ನೋಡಿ ಡಬ್ಬಿಗೆ ಜಾಗ ಹುಡುಕಬೇಕು, ಪ್ಲಗ್ ಎಲ್ಲಿದೆ ಅಂತ ನೋಡಿ ಅಲ್ಲ.

ನವನಗರದ ಆರ್‌ಸಿಸಿ ಮನೆಗಳಲ್ಲಿ ಗೋಡೆ ಅಷ್ಟು ದಪ್ಪ ಇಲ್ಲ. ಅಲ್ಲಿ ಶತ್ರುಗಳು ಬೇರೆ. ಸ್ಲ್ಯಾಬ್‌ನೊಳಗಿನ ಕಬ್ಬಿಣದ ಸರಳು, ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ನೀರು ತುಂಬಿದ ಟ್ಯಾಂಕ್. ಲೋಹ ಸಿಗ್ನಲನ್ನು ವಾಪಸ್ ಹೊಡೆಯುತ್ತದೆ, ನೀರು ಕುಡಿದುಬಿಡುತ್ತದೆ. ಡಬ್ಬಿಯನ್ನು ಟಿವಿಯ ಹಿಂದೆ ಬಚ್ಚಿಡುವುದು ಎಲ್ಲರ ಚಟ, ಬಿಡಿ.

ಬಹಳಷ್ಟು ಡಬ್ಬಿ ಎರಡು ಹೆಸರಲ್ಲಿ ಸಿಗ್ನಲ್ ಬಿಡುತ್ತವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ಜೋರು, ಆದರೆ ಗೋಡೆ ಕಂಡರೆ ಸೋಲುತ್ತದೆ. ಡಬ್ಬಿ ಇರುವ ಕೋಣೆಯಲ್ಲಿ 5, ದೂರದ ಕೋಣೆಯಲ್ಲಿ 2.4 ಹಿಡಿಯಿರಿ. ದೂರದ ಕೋಣೆಯಲ್ಲಿ 5ಕ್ಕೆ ಜೋತುಬಿದ್ದು ‘ಸ್ಪೀಡ್ ಇಲ್ಲ’ ಅನ್ನುವವರು ಬಹಳ.

ಜಾಗ ಬದಲಿಸಿಯೂ ಆಗಲಿಲ್ಲ ಅಂದರೆ ಮಾತ್ರ ದುಡ್ಡಿನ ಮಾತು. ಗೋಡೆಗೆ ಚುಚ್ಚುವ ಅಗ್ಗದ ರಿಪೀಟರ್ ನನಗೆ ಇಷ್ಟ ಇಲ್ಲ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಇಟ್ಟರಂತೂ ಸತ್ತ ಸಿಗ್ನಲನ್ನೇ ದೊಡ್ಡದಾಗಿ ಕೂಗುತ್ತದೆ, ಇಡಬೇಕಾದ್ದು ನಡುದಾರಿಯಲ್ಲಿ. ಕಲ್ಲಿನ ಮನೆಗೆ ಸರಿಯಾದ ಮದ್ದು ಒಂದೇ: ಒಂದು ನೆಟ್‌ವರ್ಕ್ ಕೇಬಲ್ ಎಳೆದು ಆ ಕಡೆ ಇನ್ನೊಂದು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿಡುವ ಇನ್ನೊಂದು ಡಬ್ಬಿ, ಇಡುವುದು. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆ ರೂಟರನ್ನೂ ಇದಕ್ಕೆ ಬಳಸಬಹುದು. ಒಂದಕ್ಕೊಂದು ಗಾಳಿಯಲ್ಲೇ ಮಾತಾಡಿಕೊಳ್ಳುವ ಎರಡು ಮೂರು ಡಬ್ಬಿಗಳ ಮೆಶ್ ಸೆಟ್ ಒಳ್ಳೆಯದೇ, ಆದರೆ ಎರಡು ಅಡಿ ಕಲ್ಲು ಅದಕ್ಕೂ ಕಲ್ಲೇ.

## ಸಂಜೆ ಏಳಾದರೆ ಸಾಕು, ಸುತ್ತುತ್ತಲೇ ಇರುತ್ತದೆ

ಬೆಳಿಗ್ಗೆ ಸರಿ, ರಾತ್ರಿ ಹನ್ನೊಂದರ ಮೇಲೆ ಸರಿ, ನಡುವೆ ಸಂಜೆ ಮಾತ್ರ ತೊಂದರೆ. ಇದಕ್ಕೆ ಎರಡು ಕಾರಣ, ಎರಡನ್ನೂ ಬೇರೆ ಮಾಡುವ ಒಂದೇ ಪರೀಕ್ಷೆ. ಸಂಜೆ ಅದೇ ಹೊತ್ತಿಗೆ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರ ಡಬ್ಬಿಗೆ ಹಾಕಿ ವೇಗ ಅಳೆಯಿರಿ. ಕೇಬಲ್‌ನಲ್ಲೂ ನಿಧಾನ ಅಂದರೆ ದಾರಿಯ ಆಚೆಯೇ ಜನಜಂಗುಳಿ, ವೈಫೈ ತಪ್ಪಲ್ಲ. ಮೂರು ದಿನದ ಅಳತೆ, ಗಂಟೆ ಸಮೇತ ಬರೆದಿಟ್ಟು ಕಂಪನಿಗೆ ತೋರಿಸಿ. ಕೇಬಲ್‌ನಲ್ಲಿ ಜೋರು, ವೈಫೈನಲ್ಲಿ ನಿಧಾನ ಅಂದರೆ ಓಣಿಯ ವೈಫೈಗಳೆಲ್ಲ ಒಂದರ ಮೇಲೊಂದು ಮಾತಾಡುತ್ತಿವೆ.

2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಸಂತೆಯಲ್ಲಿ ಎಲ್ಲರೂ ಒಂದೇ ಕಟ್ಟೆಯ ಮೇಲೆ ಕೂತು ಕೂಗಿದ ಹಾಗೆ ಇಡೀ ಓಣಿ 6ರಲ್ಲಿ ಇದ್ದರೆ ನೀವು 1ಕ್ಕೋ 11ಕ್ಕೋ ಹೋಗಿ. 3, 4 ಅಂತ ನಡುವೆ ನುಗ್ಗಬೇಡಿ, ಎರಡೂ ಕಡೆಯ ಗಲಾಟೆ ಕೇಳಿಸುತ್ತದೆ. ಡಬ್ಬಿಯ ಸೆಟ್ಟಿಂಗ್‌ನಲ್ಲಿ ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ. ಹತ್ತಿರದ ಸಾಧನಗಳನ್ನು 5ಕ್ಕೆ ಕಳಿಸಿದರೆ ಇನ್ನೂ ಒಳ್ಳೆಯದು. ಮೈಕ್ರೊವೇವ್ ಒಲೆಯೂ 2.4ರ ಸುತ್ತಲೇ ಕೆಲಸ ಮಾಡುತ್ತದೆ, ಅದು ಓಡುವಾಗ ಮಾತ್ರ ನೆಟ್ ತಡವರಿಸಿದರೆ ಕಾರಣ ಅಡುಗೆಮನೆಯಲ್ಲೇ ಇದೆ.

ಇನ್ನೊಂದು ಸಾಧ್ಯತೆ, ನಿಮ್ಮದಲ್ಲದ ಫೋನುಗಳೂ ನಿಮ್ಮ ವೈಫೈನಲ್ಲಿವೆ. ಅದಕ್ಕೆ ಕೆಳಗೆ ಬರುತ್ತೇನೆ.

## 300 ಎಂಬಿಪಿಎಸ್ ಪ್ಲಾನ್, 94 ದಾಟುವುದಿಲ್ಲ

ಕೇಬಲ್‌ನಲ್ಲಿ ಅಳೆದರೂ ಪ್ರತಿ ಸಲ 94ರ ಹತ್ತಿರವೇ ನಿಲ್ಲುತ್ತಿದ್ದರೆ ಅದು ಕಂಪನಿಯ ಮೋಸ ಅಲ್ಲ, 100 ಎಂಬಿಪಿಎಸ್‌ನ ಬಾಗಿಲು. ಒಂದೋ ಡಬ್ಬಿ, ಲ್ಯಾಪ್‌ಟಾಪ್ ಅಥವಾ ನಡುವಿನ ರೂಟರಿನ ಪೋರ್ಟ್ ಹಳೆಯದು, ಅದರ ಮಿತಿಯೇ 100. ಇಲ್ಲವೇ ಕೇಬಲ್‌ನೊಳಗಿನ ಎಂಟು ಎಳೆಗಳಲ್ಲಿ ಒಂದು ಕಡಿದಿದೆ. 1000ಕ್ಕೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು, ಹಾಗಾಗಿ ಅದು ಕೆಳಗಿಳಿದು ಓಡುತ್ತದೆ. ಬೇರೆ ಕೇಬಲ್ ಹಾಕಿ ನೋಡಿ, ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಅಂತ ಮೈಮೇಲೆ ಬರೆದಿರಬೇಕು.

ಫೈಲ್ ಇಳಿಸುವಾಗ ‘12’ ಅಂತ ಕಂಡು ಗಾಬರಿಯಾಗುವವರಿಗೆ ಒಂದು ಮಾತು. ಕಂಪನಿ ಹೇಳುವುದು ಮೆಗಾಬಿಟ್, ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಎಂಟರಿಂದ ಗುಣಿಸಿ. 12 ಅಂದರೆ 96.

## ಆಗಾಗ ಆರಿ ಹತ್ತುತ್ತದೆ

ಎಲ್ಲ ದೀಪ ಒಟ್ಟಿಗೆ ಆರಿ ಮತ್ತೆ ಒಂದೊಂದಾಗಿ ಹತ್ತುತ್ತಿದ್ದರೆ ಡಬ್ಬಿ ತಾನೇ ರಿಸ್ಟಾರ್ಟ್ ಆಗುತ್ತಿದೆ. ನನ್ನ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಪ್ಲಗ್ ಸಡಿಲ ಇದೆಯಾ, ಪಿನ್ ಅಲುಗಾಡಿಸಿದರೆ ದೀಪ ಮಿಣಿಮಿಣಿ ಅನ್ನುತ್ತದಾ ನೋಡಿ. ಬೇರೆ ಅಡಾಪ್ಟರ್ ಹಾಕಿ ನೋಡುವ ಮುಂಚೆ ಎರಡರ ಮೇಲಿನ ಅಕ್ಷರ ಓದಿ. ವೋಲ್ಟ್ ಅಷ್ಟೇ ಇರಬೇಕು, 12 ಅಂದರೆ 12. ಆಂಪಿಯರ್ ಅಷ್ಟೇ ಇರಬೇಕು, ಇಲ್ಲ ಜಾಸ್ತಿ ಇರಬೇಕು. ಸೆಟ್‌ಟಾಪ್ ಬಾಕ್ಸಿನದು ಪಿನ್ ಹಿಡಿಯುತ್ತದೆ ಅಂತ ಹಾಕಿ ಸುಟ್ಟುಕೊಂಡವರನ್ನು ಕಂಡಿದ್ದೇನೆ.

ಎರಡನೆಯದು ಬಿಸಿ. ಮನೆಗಳಲ್ಲಿ ಬಳಸುವ ರೂಟರ್‌ಗಳಲ್ಲಿ ಹೆಚ್ಚಿನವನ್ನು 40 ಡಿಗ್ರಿವರೆಗೆ ಅಂತಲೇ ಮಾಡಿರುತ್ತಾರೆ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಹೊರಗೇ 40ರ ಆಸುಪಾಸು, ಪತ್ರಾಸಿನ ಕೋಣೆಯಲ್ಲಿ ಕೇಳಬೇಡಿ. ಮಧ್ಯಾಹ್ನ ಮಾತ್ರ ಕಡಿದರೆ ಇದನ್ನೇ ಹಿಡಿಯಿರಿ. ಧೂಳು ಒರೆಸಿ, ಮೇಲೆ ಹಾಸಿದ ಕಸೂತಿ ಬಟ್ಟೆ ತೆಗೆಯಿರಿ, ಕೆಳಗೂ ಗಾಳಿ ಆಡುವ ಹಾಗೆ ಇಡಿ. ಒದ್ದೆ ಬಟ್ಟೆ ಸುತ್ತುವ ಉಪಾಯ ಬೇಡ!

ಕರೆಂಟ್ ಹೋದಾಗಲೂ ನೆಟ್ ಬೇಕು ಅಂತ ಇಟ್ಟ ಸಣ್ಣ ಯುಪಿಎಸ್ ಹಳತಾದಾಗಲೂ ಹೀಗೇ ಆಡುತ್ತದೆ. ಅದನ್ನು ನಡುವಿನಿಂದ ತೆಗೆದು ಒಂದು ದಿನ ನೇರ ಓಡಿಸಿ ನೋಡಿ. ಯುಪಿಎಸ್ ಹೊಟ್ಟೆ ಉಬ್ಬಿದ್ದರೆ, ಮುಟ್ಟಿದರೆ ಸುಡುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ, ಚುಚ್ಚಬೇಡಿ, ಬಿಚ್ಚಿ ನೋಡಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ಮೇ ತಿಂಗಳ ಅಡ್ಡಮಳೆಯಲ್ಲಿ ಗುಡುಗು ಕೇಳುವ ಮುಂಚೆಯೇ ಅಡಾಪ್ಟರ್ ಪ್ಲಗ್ ಕಿತ್ತಿಡಿ. ಡಬ್ಬಿಯಿಂದ ಟಿವಿಗೋ ಮಾಳಿಗೆಯ ಮೇಲಿನ ಕ್ಯಾಮೆರಾಕ್ಕೋ ತಾಮ್ರದ ಕೇಬಲ್ ಹೋಗಿದ್ದರೆ ಅದನ್ನೂ. ಸಿಡಿಲು ಆರ್ಭಟಿಸುವಾಗ ಎದ್ದು ಹೋಗಿ ಕೀಳಬೇಡಿ, ಆ ಹೊತ್ತಿಗೆ ಡಬ್ಬಿ ಹೋದರೆ ಹೋಗಲಿ.

## ಒಂದೇ ಫೋನಿಗೆ ಸಿಗುವುದಿಲ್ಲ

ಬೇಗ ಮುಗಿಯುವ ವಿಷಯ. ಆ ಫೋನಿನಲ್ಲಿ ನಿಮ್ಮ ವೈಫೈ ಹೆಸರನ್ನು ‘ಮರೆತುಬಿಡು’ ಮಾಡಿ, ಮತ್ತೆ ಪಾಸ್‌ವರ್ಡ್ ಹಾಕಿ. ದಿನಾಂಕ, ಸಮಯ ಸರಿ ಇದೆಯಾ ನೋಡಿ, ತಪ್ಪಿದ್ದರೆ ಎಷ್ಟೋ ವೆಬ್‌ಸೈಟ್ ತೆರೆಯುವುದಿಲ್ಲ. ವಿಪಿಎನ್ ಆ್ಯಪ್ ಇದ್ದರೆ ಆರಿಸಿ. ಹಳೆ ಫೋನ್, ವೈಫೈ ಬಲ್ಬ್, ಅಗ್ಗದ ಕ್ಯಾಮೆರಾಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ, 2.4 ಆರಿಸಿಟ್ಟಿದ್ದರೆ ಹತ್ತಿಸಿ. ಡಬ್ಬಿಯಲ್ಲಿ ವೈಫೈ ಭದ್ರತೆಯ ಹೊಸ ಬಗೆಯಾದ ಡಬ್ಲ್ಯುಪಿಎ3 ಒಂದನ್ನೇ ಇಟ್ಟಿದ್ದರೂ ಹಳೆಯವು ಒಳಗೆ ಬರುವುದಿಲ್ಲ, ಡಬ್ಲ್ಯುಪಿಎ2 ಮತ್ತು 3 ಎರಡೂ ಕೂಡಿದ ಆಯ್ಕೆ ಇಡಿ.

## ಯಾರೋ ನಮ್ಮ ನೆಟ್ ಹೊಡೆಯುತ್ತಿದ್ದಾರೆ ಅನಿಸುತ್ತಿದೆ

ಡೇಟಾ ಬೇಗ ಮುಗಿಯುತ್ತದೆ, ಮನೆಯಲ್ಲಿ ಯಾರೂ ಬಳಸದಿದ್ದಾಗಲೂ ದೀಪ ಪಟಪಟ ಮಿನುಗುತ್ತದೆ. ಮಿನುಗಿದ ಮಾತ್ರಕ್ಕೆ ಕಳ್ಳ ಅಂತಲ್ಲ, ಟಿವಿಯೂ ಫೋನೂ ನಿದ್ದೆಯಲ್ಲೂ ಅಪ್‌ಡೇಟ್ ಇಳಿಸುತ್ತವೆ. ಅನುಮಾನ ಬಿಟ್ಟು ಪಟ್ಟಿ ನೋಡಿ. ಬ್ರೌಸರ್‌ನಲ್ಲಿ 192.168.1.1 ಹಾಕಿದರೆ ಸಾಮಾನ್ಯವಾಗಿ ಡಬ್ಬಿಯ ಪುಟ ಬರುತ್ತದೆ; ಬರದಿದ್ದರೆ ಡಬ್ಬಿಯ ಕೆಳಗಿನ ಚೀಟಿಯಲ್ಲಿ ವಿಳಾಸ ಇರುತ್ತದೆ. ಅಲ್ಲಿ ಕೂಡಿಕೊಂಡ ಸಾಧನಗಳ ಪಟ್ಟಿ ಸಿಗುತ್ತದೆ. ಮನೆಯ ಫೋನುಗಳ ವೈಫೈಯನ್ನು ಒಂದೊಂದಾಗಿ ಆರಿಸುತ್ತ ಹೋಗಿ, ಕೊನೆಗೆ ಉಳಿದದ್ದು ಯಾರದು ಅಂತ ನೋಡಿ. ಅವ್ವನ ಮನೆಯಲ್ಲಿ ನಾವು ಲೆಕ್ಕ ಹಾಕಿದ್ದು ಐದು, ಪಟ್ಟಿಯಲ್ಲಿದ್ದದ್ದು ಹದಿನಾಲ್ಕು. ಕಳ್ಳತನ ಅಲ್ಲ. ಪರೀಕ್ಷೆಗೆ ಓದಲು ಬೇಕು ಅಂತ ಒಬ್ಬ ಹುಡುಗನಿಗೆ ಅವ್ವನೇ ಕೊಟ್ಟಿದ್ದಳು. ಅವನ ಫೋನಿನಿಂದ ಕ್ಯೂಆರ್ ತೋರಿಸಿ ಓಣಿ ತುಂಬ ಹಂಚಿತ್ತು. ಆ ಕ್ಯೂಆರ್ ಒಳಗೆ ಪಾಸ್‌ವರ್ಡ್ ಬಿಚ್ಚುಬಿಚ್ಚಾಗಿಯೇ ಇರುತ್ತದೆ, ಯಾವ ಮುಚ್ಚುಮರೆಯೂ ಇಲ್ಲ.

ನೆಟ್ ಹಂಚಿದರೆ ಏನಾಯಿತು ಅಂತ ಅವ್ವ ಕೇಳಿದಳು. ನೀರು ಹಂಚಿದ ಹಾಗಲ್ಲ ಇದು. ನಿಮ್ಮ ಕನೆಕ್ಷನ್‌ನಿಂದ ಯಾರು ಏನು ಕಳಿಸಿದರೂ ಮೊದಲು ಬರುವುದು ನಿಮ್ಮ ಬಾಗಿಲಿಗೆ. 2008ರಲ್ಲಿ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಬಂದ ಬೆದರಿಕೆ ಈಮೇಲ್ ನವಿ ಮುಂಬೈನ ಒಂದು ಮನೆಯ ಬೀಗವಿಲ್ಲದ ವೈಫೈಯಿಂದ ಹೋಗಿತ್ತು. ಆ ಮನೆಯವರಿಗೆ ಅದರ ಸುಳಿವೂ ಇರಲಿಲ್ಲ, ಆದರೂ ವಿಚಾರಣೆ ಎದುರಿಸಬೇಕಾಯಿತು.

ಮಾಡಬೇಕಾದ್ದು ಹೆಚ್ಚೇನಿಲ್ಲ, ಆದರೆ ಕ್ರಮ ಮುಖ್ಯ. ಮೊದಲು ಡಬ್ಬಿಯ ಪುಟಕ್ಕೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಮನೆಯ ಬಾಗಿಲ ಕೀಲಿ ಆದರೆ ಇದು ತಿಜೋರಿಯ ಕೀಲಿ, ಎಷ್ಟೋ ಮನೆಯಲ್ಲಿ ಇನ್ನೂ ‘ಅಡ್ಮಿನ್’ ಅಂತಲೇ ಇರುತ್ತದೆ. ಆಮೇಲೆ ವೈಫೈ ಪಾಸ್‌ವರ್ಡ್. ಫೋನ್ ನಂಬರ್, ಮಗಳ ಹೆಸರು, 12345678 ಬೇಡ. ನಾಲ್ಕೈದು ಸಂಬಂಧವಿಲ್ಲದ ಮಾತು ಜೋಡಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ರೊಟ್ಟಿ, ಟ್ರ್ಯಾಕ್ಟರ್, ಬೆಳಕಿಂಡಿ, ಗುರೆಳ್ಳು ಅನ್ನುವ ಹಾಗೆ. ಇದೇ ನಾಲ್ಕನ್ನು ಹಾಕಬೇಡಿ ಮತ್ತೆ. ಭದ್ರತೆಯ ಬಗೆ ಡಬ್ಲ್ಯುಪಿಎ2 ಇಲ್ಲವೇ 3 ಇರಲಿ. ಡಬ್ಲ್ಯುಇಪಿ ಅಂತ ಕಂಡರೆ ಅದು ತುಕ್ಕು ಹಿಡಿದ ಚಿಲಕ, ಇದ್ದೂ ಇಲ್ಲದಂತೆ.

ಡಬ್ಲ್ಯುಪಿಎಸ್ ಆರಿಸಿಬಿಡಿ. ಗುಂಡಿ ಒತ್ತಿ ಕೂಡಿಸುವ ಅನುಕೂಲ ಅದು, ಆದರೆ ಅದರ ಎಂಟು ಅಂಕಿಯ ಪಿನ್‌ನಲ್ಲಿ ದೊಡ್ಡ ತೂತು ಇದೆ ಅಂತ 2011ರಲ್ಲೇ ಬಯಲಾಗಿದೆ. ಎಂಟನ್ನೂ ಒಟ್ಟಿಗೆ ಊಹಿಸಬೇಕಾಗಿಲ್ಲ, ಅರ್ಧ ಅರ್ಧವಾಗಿ ಊಹಿಸಬಹುದು. ಹೆಚ್ಚೆಂದರೆ 11,000 ಪ್ರಯತ್ನ, ಕಂಪ್ಯೂಟರಿಗೆ ಕೆಲವು ಗಂಟೆಯ ಕೆಲಸ. ಹೊರಗಿನಿಂದ ಡಬ್ಬಿ ನಿಭಾಯಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ನಿಮಗೆ ಬೇಡ ಅಂದರೆ ಅದನ್ನೂ ಆರಿಸಿ. ಫರ್ಮ್‌ವೇರ್, ಅಂದರೆ ಡಬ್ಬಿಯೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಇದ್ದರೆ ಹಾಕಿ, ನಡುವೆ ಕರೆಂಟ್ ಹೋಗದ ಹೊತ್ತು ನೋಡಿಕೊಂಡು. ವೈಫೈ ಹೆಸರು ಮುಚ್ಚಿಡುವುದು ಸುಮ್ನೆ ಸಮಾಧಾನಕ್ಕೆ, ಹುಡುಕುವವನಿಗೆ ಅದು ಕಾಣುತ್ತದೆ.

ಬ್ಯಾಂಕಿನ ಸರಿಯಾದ ವಿಳಾಸ ಹಾಕಿದರೂ ಬೇರೆ ಪುಟ ಬರುತ್ತದೆ, ಎಲ್ಲ ಫೋನಿನಲ್ಲೂ ವಿಚಿತ್ರ ಜಾಹೀರಾತು ಬರುತ್ತವೆ ಅಂದರೆ ಡಬ್ಬಿಯ ಡಿಎನ್‌ಎಸ್ ಯಾರೋ ಬದಲಿಸಿರಬಹುದು. ಅಲ್ಲಿ ನಿಲ್ಲಿಸಿ. ಆ ವೈಫೈನಲ್ಲಿ ಹಣದ ವ್ಯವಹಾರ ಬೇಡ, ಮೊಬೈಲ್ ಡೇಟಾ ಬಳಸಿ, ಕಂಪನಿಯವರನ್ನು ಕರೆಸಿ ಡಬ್ಬಿಯನ್ನು ರಿಸೆಟ್ ಮಾಡಿಸಿ ಹೊಸದಾಗಿ ತುಂಬಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ಕಂಪನಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಬಿಲ್ ಮೇಲೆ ಇರುವುದಕ್ಕೇ ಮಾಡಿ. ‘ಸ್ಪೀಡ್ ಜಾಸ್ತಿ ಮಾಡ್ತೀವಿ, ಈ ಆ್ಯಪ್ ಹಾಕ್ಕೊಳ್ರಿ, ಓಟಿಪಿ ಹೇಳ್ರಿ’ ಅಂದರೆ ಫೋನ್ ಇಟ್ಟುಬಿಡಿ.

ಓಣಿಯ ಹುಡುಗರಿಗೆ ನೆಟ್ ಕೊಡಬೇಡ ಅಂತ ಅವ್ವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಡಬ್ಬಿಯಲ್ಲಿ ‘ಗೆಸ್ಟ್’ ವೈಫೈ ಹತ್ತಿಸಿದೆ, ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅದಕ್ಕೆ ಸೇರಿದವರಿಗೆ ಮನೆಯ ಟಿವಿ, ಕ್ಯಾಮೆರಾ ಕಾಣುವುದಿಲ್ಲ. ಆದರೂ ಹೊರಗಿನವರಿಗೆ ಕಾಣುವುದು ನಮ್ಮದೇ ಕನೆಕ್ಷನ್, ಹಾಗಾಗಿ ಅವ್ವ ಹೆಸರಿಟ್ಟು ಗುರುತಿಸುವ ಮೂವರಿಗೆ ಮಾತ್ರ, ಪರೀಕ್ಷೆ ಮುಗಿಯುವವರೆಗೆ ಮಾತ್ರ. ಮನೆಯ ಪಾಸ್‌ವರ್ಡನ್ನು ಅವಳು ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾಳೆ. ಇರಲಿ ಬಿಡಿ. ಅದನ್ನು ಕದಿಯಬೇಕಾದರೆ ಅಡುಗೆಮನೆವರೆಗೆ ಬರಬೇಕು, ಅಲ್ಲಿ ಅವ್ವ ಇರುತ್ತಾಳೆ.